ಕಲಹಾರಿಯನ್ನು ದಾಟಿದವರು

ದಕ್ಷಿಣ ಆಫ್ರಿಕದ ಭೂಪಟವನ್ನು ಬಿಡಿಸಿ ನೋಡಿದರೆ, ಆರೆಂಜ್ ನದಿಯ ಬಡಗಣ ದಡದಿಂದ ಮೊದಲಾಗಿ ನ್ಗಾಮಿ ಸರೋವರದವರೆಗೆ ಹಬ್ಬಿದ ವಿಶಾಲವಾದ ಮರಳ ಬಯಲೊಂದು ಕಾಣುತ್ತದೆ. ಇದೇ ಕಲಹಾರಿ. ಆ ನಾಡಿನ ತ್ಸ್ವಾನಾ ಭಾಷೆಯಲ್ಲಿ ಈ ಹೆಸರಿಗೆ ಮೂಲವಾದ ಮಾತಿಗೆ ದೊಡ್ಡ ಬಾಯಾರಿಕೆಯೆಂದು ಅರ್ಥ ಹೇಳುವರು. ಮರುಭೂಮಿಯೆಂದೊಡನೆ ಹುಲ್ಲುಕಡ್ಡಿಯೂ ಬೆಳೆಯದ ಬರಡು ನೆಲವನ್ನು ನಾವು ಮನಸ್ಸಿಗೆ ತಂದುಕೊಳ್ಳುತ್ತೇವೆ. ಕಲಹಾರಿ ಅಂತಹದಲ್ಲ. ಅಲ್ಲಿ ಹುಲ್ಲುಂಟು, ಬಳ್ಳಿಯುಂಟು, ಮುಳ್ಳುಗಿಡಗಳುಂಟು. ಜಿಂಕೆಯ ಜಾತಿಯ ಮೃಗಗಳ ಹಿಂಡುಗಳೂ ಉಂಟು. ಇಲ್ಲದಿರುವುದು ಹರಿಯುವ ನೀರು. ಮೃಗಗಳಿಗೂ ಮನುಷ್ಯರಿಗೂ ಆ ನೆಲದಲ್ಲಿ ಒದಗುವುದು ಕಾಡು ಕಲ್ಲಂಗಡಿಯ ರಸ, ನೆಲದೊಳಗಿನ ಗೆಡ್ಡೆಗಳ ತೇವ, ಅಲ್ಲಲ್ಲಿ ಮರಳನ್ನು ತೋಡಿದರೆ ಜಿನುಗುವ ಒರತೆ, ಇಷ್ಟೇ. ಗೆಡ್ಡೆಗಳಲ್ಲಿ ಒಂದರ ದಂಟು ಕಾಗೆಯ ಗರಿಯ ಕಡ್ಡಿಗಿಂತ ದಪ್ಪವಲ್ಲ. ಒಂದೂವರೆ ಅಡಿ ಅಗೆದರೆ ಮಾತ್ರ ಎಳೆಯ ಮಗುವಿನ ತಲೆಯಷ್ಟು ದೊಡ್ಡ ಗೆಡ್ಡೆ ಸಿಕ್ಕುತ್ತದೆ. ಈ ದಂಟನ್ನು ಗುರುತಿಸಬಲ್ಲವನು ಬದುಕುವನು, ಗುರುತಿಸಲಾರದವನು ಅದನ್ನು ತುಳಿದು ಮುಂದೆ ಹೋಗಿ ಸಾಯುವನು.

೧೮೪೯ನೆಯ ಇಸವಿ ಜೂನ್ ೧ನೆಯ ತಾರೀಖು, ಈಗಿನ ಬೋಟ್ಸ್ವಾನಾ ದೇಶದ ಆಗ್ನೇಯ ಭಾಗದಲ್ಲಿರುವ ಕೊಲೊಬೆಂಗ್ ಎಂಬ ಊರಿನಿಂದ ಒಂದು ತಂಡ ಬಡಗ ದಿಕ್ಕಿಗೆ ಹೊರಟಿತು. ಎಂಬತ್ತು ಎತ್ತುಗಳು, ಇಪ್ಪತ್ತು ಕುದುರೆಗಳು, ಸುಮಾರು ಇಪ್ಪತ್ತು ಮಂದಿ ಆಳುಗಳು. ತಂಡದಲ್ಲಿದ್ದ ಬಿಳಿಯರಲ್ಲಿ ಮುಖ್ಯರು ಮೂವರು. ಡೇವಿಡ್ ಲಿವಿಂಗ್‌ಸ್ಟನ್ ಆ ಊರಿನಲ್ಲಿದ್ದ ಪಾದ್ರಿ ಮತ್ತು ವೈದ್ಯ. ಅವನ ಹೆಸರನ್ನು ಕೇಳದವರು ವಿರಳ. ಮುಂಗೋ ಮರ್ರೆ ಬೇಟೆಗಾರ. ಮೂರನೆಯವನು ವಿಲಿಯಂ ಕಾಟನ್ ಆಸ್ವೆಲ್. ಇವನ ವಿಷಯದಲ್ಲಿ ನಮಗೆ ಸ್ವಲ್ಪ ಹೆಚ್ಚಿನ ಕುತೂಹಲ ಹುಟ್ಟುವುದು ಸಹಜ. ಏಕೆಂದರೆ ಇವನು ೧೮೩೭ರಲ್ಲಿ ಭಾರತಕ್ಕೆ ಬಂದು, ನಮ್ಮ ನೆರೆಯ ಮದರಾಸು ಪ್ರಾಂತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದು, ತಮಿಳನ್ನು ಚೆನ್ನಾಗಿ ಕಲಿತವನು. ಜ್ವರದಿಂದ ಜೀರ್ಣನಾಗಿ, ಹವೆಯ ಬದಲಾವಣೆಗೆಂದು ೧೮೪೪ರಲ್ಲಿ ಕೇಪಿಗೆ ಹೋದನು. ಅಲ್ಲಿ ಆರೋಗ್ಯ ಮರಳಿತು. ಕಾಡಿನ ಹುಚ್ಚು ಹಿಡಿಯಿತು. ಈ ಪ್ರಯಾಣದಲ್ಲಿ ಮಾರ್ಗದರ್ಶಕರ ವೆಚ್ಚವನ್ನೆಲ್ಲ ಕೊಟ್ಟವನು ಅವನೇ.

ಮರುಭೂಮಿಯ ಆಚೆ ದೊಡ್ಡದೊಂದು ಸರೋವರವಿದೆಯೆಂಬುದು ಆ ನಾಡಿನವರಿಗೆ ಹೊಸ ಸುದ್ದಿಯಲ್ಲ. ಬಾಮಂಗ್ವಾಟೊ ಜನರ ದೊರೆ ಸೆಕೊಮಿಗೆ ಅಲ್ಲಿಗೆ ಹೋಗುವ ದಾರಿ ಗೊತ್ತಿದ್ದಿತು. ಆದರೆ ಅವನು ಅದನ್ನು ಗುಟ್ಟಾಗಿ ಇಟ್ಟಿದ್ದನು. ಸರೋವರದ ಸೀಮೆಯಲ್ಲಿ ಆನೆಯ ದಂತ ಹೇರಳ. ಅಲ್ಲಿಂದ ದಂತವನ್ನು ಅಗ್ಗದ ಬೆಲೆಗೆ ತರಿಸಿಕೊಳ್ಳುತ್ತಿದ್ದವನು ಅವನು. ದಾರಿ ಕೊಡೆಂದು ಕೇಳಿದಾಗ, ಬಿಸಿಲಿನಿಂದಲೂ ಬಾಯಾರಿಕೆಯಿಂದಲೂ ನೀವು ಸತ್ತರೆ ಬಿಳಿಯರೆಲ್ಲ ನನ್ನನ್ನು ದೂರುವರೆಂದು ಉತ್ತರ ಕಳುಹಿದನು. ತಂಡ ಹೊರಟೇಬಿಟ್ಟಾಗ, ತನ್ನ ಆಳುಗಳನ್ನು ಮುಂದಾಗಿ ಕಳುಹಿಸಿ, ದಾರಿಯಲ್ಲಿದ್ದ ಬುಷ್ಮನ್ನರನ್ನೂ ಬಾಕಲಹಾರಿ ಜನರನ್ನೂ ಓಡಿಸಿಬಿಟ್ಟನು. ನೀರು ತೋರಿಸುವವರು ಇಲ್ಲದಿದ್ದರೆ ಪರದೇಶಿಗಳು ತಾವಾಗಿ ಹಿಂದಿರುಗುವರೆಂಬುದು ಅವನ ಎಣಿಕೆ. ಮರುಭೂಮಿಗೆ ಕೋಟೆ ಬೇಕಿಲ್ಲ, ಕಾವಲು ಬೇಕಿಲ್ಲ. ಒರತೆಯನ್ನು ಬಲ್ಲವರನ್ನು ದೂರ ಮಾಡಿದರೆ ಸಾಕು. ಸೆಕೊಮಿಯನ್ನು ಲೋಭಿಯೆಂದು ಬರೆದವರುಂಟು. ತನ್ನ ಜನರ ವ್ಯಾಪಾರವನ್ನು ಕಾಪಾಡಿಕೊಳ್ಳುವ ರಾಜನಲ್ಲಿ ನಮಗೆ ಅಷ್ಟು ದೋಷ ಕಾಣುವುದಿಲ್ಲ.

ಕೆಲವು ದಿನಗಳ ತರುವಾಯ ಸೆರೋಟ್ಲಿ ಎಂಬ ಸ್ಥಳ ಸಿಕ್ಕಿತು. ಮೃಗಗಳು ಹೊರಳಾಡಿ ಮಾಡಿದಂತಹ ಮರಳ ಕುಳಿಗಳು. ಒಂದರಲ್ಲಿ ಮಾತ್ರ ಸ್ವಲ್ಪ ನೀರು. ಮಾರ್ಗದರ್ಶಕನಾದ ರಾಮೊಟೊಬಿ ಇಲ್ಲಿ ನೀರಿದೆಯೆಂದನು. ಗುದ್ದಲಿ ಹಿಡಿದವರು ಗುದ್ದಲಿಯಿಂದ, ಇಲ್ಲದವರು ಬರಿಗೈಯಿಂದ ಮರಳನ್ನು ತೋಡಿದರು. ಆರು ಅಡಿಯ ಆಳದಲ್ಲಿ ಗಟ್ಟಿಯಾದ ಪದರವೊಂದು ಬಂದಿತು. ಅದನ್ನು ಒಡೆಯಬಾರದೆಂದು ರಾಮೊಟೊಬಿ ಕಟ್ಟಾಗಿ ಹೇಳಿದನು. ಮಳೆಯ ನೀರು ಮರಳಿನೊಳಗೆ ಇಳಿದು ಆ ಪದರದ ಮೇಲೆ ನಿಲ್ಲುತ್ತದೆ; ಪದರಕ್ಕೆ ತೂತು ಬಿದ್ದರೆ ನೀರೆಲ್ಲ ಪಾತಾಳಕ್ಕೆ ಹೋಗುತ್ತದೆ. ಭೂಗರ್ಭಶಾಸ್ತ್ರವನ್ನು ಓದದೆಯೇ ತಿಳಿದ ಭೂಗರ್ಭಶಾಸ್ತ್ರವಿದು. ಮೊದಲ ಸಂಜೆ ಕುದುರೆಗಳಿಗೆ ಒಂದೊಂದು ಗುಟುಕು ನೀರು ದೊರೆಯಿತು. ಎತ್ತುಗಳು ಕುಳಿಯ ಸುತ್ತ ನಿಂತು ಮೂಸಿ ನೋಡಿದುವು. ಅವನ್ನು ಹಿಂದಿನ ನೀರಿನ ನೆಲೆಗೆ ಅಟ್ಟಬೇಕಾಯಿತು. ಹೀಗೆ ಅಲ್ಲಿಯೇ ಬೀಡು. ದಿನದಿನಕ್ಕೆ ಒರತೆಯ ಜಿನುಗು ಹೆಚ್ಚಿತು.

ಇಂತಹ ಒರತೆಗಳಲ್ಲಿ ನೀರು ಕೈಗೆ ಸಿಕ್ಕದಷ್ಟು ಕಡಮೆಯಿದ್ದಾಗ ಬಾಕಲಹಾರಿ ಹೆಂಗಸರು ಅನುಸರಿಸುತ್ತಿದ್ದ ಉಪಾಯವನ್ನು ಲಿವಿಂಗ್‌ಸ್ಟನ್ ವಿವರವಾಗಿ ಬರೆದಿಟ್ಟಿದ್ದಾನೆ. ಎರಡು ಅಡಿಯ ಜೊಂಡಿನ ಕೊಳವೆಯ ತುದಿಗೆ ಹುಲ್ಲಿನ ಕಟ್ಟನ್ನು ಬಿಗಿದು, ತೋಳುದ್ದದ ಕುಳಿಯಲ್ಲಿ ಇಳಿಸಿ, ಸುತ್ತ ಒದ್ದೆಮರಳನ್ನು ಅದುಮುವರು. ಬಾಯಿಂದ ಹೀರಿ, ಬಂದ ನೀರನ್ನು ಒಂದು ಹುಲ್ಲುಕಡ್ಡಿಯ ಗುಂಟ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪಿನೊಳಕ್ಕೆ ಹರಿಯಬಿಡುವರು. ಇಂತಹ ಇಪ್ಪತ್ತು ಮೂವತ್ತು ಚಿಪ್ಪುಗಳನ್ನು ಬಲೆಯಲ್ಲಿ ಹೊತ್ತು ತಂದು ನೆಲದಲ್ಲಿ ಹೂಳುವರು. ಶತ್ರು ಬಂದು ಗುಡಿಸಲನ್ನೆಲ್ಲ ಜಾಲಾಡಿದರೂ ಒಂದು ಹನಿ ನೀರು ಕಾಣಿಸದು.

ಸೆರೋಟ್ಲಿಯಿಂದ ಮುಂದೆ ಗಾಡಿಗಳ ಪಾಡು ಹೇಳತೀರದು. ಚಕ್ರಗಳು ಮರಳಿನಲ್ಲಿ ಹೂತುಹೋಗುತ್ತಿದ್ದುವು. ಅದು ದಕ್ಷಿಣಾರ್ಧಗೋಲದ ಚಳಿಗಾಲವಾದರೂ ನಡುಹಗಲಿನ ಬಿಸಿಲು ಸುಡುವಂತಹದು. ಮೊದಲ ದಿನ ಸೂರ್ಯಾಸ್ತದ ಹೊತ್ತಿಗೆ ಸಾಗಿದುದು ಆರೇ ಮೈಲಿ. ಮುಂದಿನ ನೀರು ಮೂರು ದಿನದ ದಾರಿ. ಹೀಗೆ ತೆವಳಿದರೆ ಅದನ್ನು ಎಂದಿಗೂ ಮುಟ್ಟಲಾರಿರೆಂದು ರಾಮೊಟೊಬಿ ಸಿಟ್ಟಾದನು. ಮುಟ್ಟಿದರೆಂಬುದು ನಿಜ, ಆದರೆ ಅದು ಎತ್ತುಗಳ ಸಹನೆಯಿಂದ.

ಮುಂದೊಂದು ದಿನ, ಗಾಡಿಗಳಿಗಿಂತ ಮುಂದೆ ಕುದುರೆಯ ಮೇಲೆ ಹೋಗುತ್ತಿದ್ದ ಆಸ್ವೆಲ್ಲನಿಗೆ ಪೊದೆಗಳ ನಡುವೆ ಬಗ್ಗಿ ಓಡುವ ಆಕೃತಿಯೊಂದು ಕಂಡಿತು. ಸಿಂಹವೆಂದು ಕುದುರೆಯನ್ನು ಅಟ್ಟಿದನು. ನೋಡಿದರೆ ಬುಷ್ಮನ್ ಹೆಂಗಸು! ತಾನು ಸೆರೆಯಾದೆನೆಂದು ತಿಳಿದ ಆಕೆ, ತನ್ನ ಆಸ್ತಿಯೆಲ್ಲವನ್ನೂ ಒಪ್ಪಿಸತೊಡಗಿದಳು. ಆ ಆಸ್ತಿ ಹುರಿಯಿಂದ ಮಾಡಿದ ಕೆಲವು ಉರುಳುಗಳು. ನಮಗೆ ಬೇಕಾದುದು ನೀರು ಮಾತ್ರವೆಂದು ತಿಳಿಸಿದಾಗ, ಸಂಜೆಯಾಗುತ್ತಿದ್ದರೂ ಕುದುರೆಗಳ ಮುಂದೆ ಎಂಟು ಮೈಲಿ ಬಿರುಬಿರನೆ ನಡೆದು, ಂಚೊಕೊಟ್ಸಾ ಎಂಬ ನೀರಿನ ನೆಲೆಯನ್ನು ತೋರಿಸಿದಳು. ಮಾಂಸವನ್ನೂ ಒಂದು ಕಟ್ಟು ಮಣಿಯನ್ನೂ ಕೊಟ್ಟಾಗ ಗೊಳ್ಳೆಂದು ನಕ್ಕಳಂತೆ. ಆಕೆಯ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.

ಅಲ್ಲಿಯೇ ನಡೆದ ಮತ್ತೊಂದು ಸಂಗತಿ ವಿನೋದಕರವಾಗಿದೆ. ಅಸ್ತಮಾನದ ಮಬ್ಬು ಬೆಳಕಿನಲ್ಲಿ ಸುಮಾರು ಇಪ್ಪತ್ತು ಮೈಲಿ ಸುತ್ತಳತೆಯ ಉಪ್ಪಿನ ಬಯಲು ನೀರಿನಂತೆ ನೀಲಿಯಾಗಿ ಮಿನುಗಿತು. ಆಸ್ವೆಲ್ ಟೋಪಿಯನ್ನು ಮೇಲಕ್ಕೆ ಎಸೆದು ಜಯಘೋಷ ಮಾಡಿದನು. ನಾಯಿಗಳೂ ಕುದುರೆಗಳೂ ಅತ್ತ ಓಡಿದುವು. ನಿಜವಾದ ಸರೋವರ ಇನ್ನೂ ಮುನ್ನೂರು ಮೈಲಿಗೂ ಹೆಚ್ಚು ದೂರದಲ್ಲಿದ್ದಿತು.

ಜುಲೈ ೪ರಂದು ತಂಡ ನಿಜವಾದ ನೀರನ್ನು ಕಂಡಿತು. ಅದು ಝೌಗಾ ನದಿ, ಈಗ ಬೊಟೆಟಿಯೆನ್ನುವರು. ಅದರ ದಡವನ್ನೇ ಹಿಡಿದು ಹೋಗಿ ಆಗಸ್ಟ್ ೧ರಂದು ನ್ಗಾಮಿಯನ್ನು ಸೇರಿದರು. ಲಿವಿಂಗ್‌ಸ್ಟನ್ನನಿಗೆ ಸರೋವರಕ್ಕಿಂತ ದೊಡ್ಡದಾಗಿ ಕಂಡುದು ದಾರಿಯಲ್ಲಿ ಕೇಳಿದ ಮಾತು: ಬಡಗಣ ನಾಡು ಎಣಿಸಲಾಗದಷ್ಟು ನದಿಗಳ, ದೊಡ್ಡ ಮರಗಳ ನಾಡು ಎಂಬುದು. ಆಫ್ರಿಕದ ನಡುಭಾಗವೆಲ್ಲ ಮರಳುಗಾಡೆಂಬ ಯೂರೋಪಿನ ಕಲ್ಪನೆ ಆ ಒಂದು ಮಾತಿನಿಂದ ಸಡಿಲವಾಯಿತು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಇಪ್ಪತ್ತೈದು ಗಿನಿಗಳ ಬಹುಮಾನವನ್ನು ಕೊಟ್ಟಿತು. ಹಣ ಕೊಟ್ಟ ಆಸ್ವೆಲ್ ಹಿಂದೆ ಉಳಿದನು. ದಾರಿ ತೋರಿದ ರಾಮೊಟೊಬಿಯ ಮಾತೇ ಏಳಲಿಲ್ಲ.

೧೮೫೦ರ ಪ್ರಯಾಣದಲ್ಲಿ ಲಿವಿಂಗ್‌ಸ್ಟನ್ ಹೆಂಡತಿ ಮಕ್ಕಳನ್ನೂ ಕರೆದೊಯ್ದನು. ಮಕ್ಕಳಿಗೆ ಜ್ವರ ಬಂದು ಹಿಂದಿರುಗಬೇಕಾಯಿತು. ೧೮೫೧ರಲ್ಲಿ ಮತ್ತೆ ಹೊರಟರು. ಈ ಸಲ ಆಸ್ವೆಲ್ ಗಾಡಿಗಳಿಗಿಂತ ಮುಂದಾಗಿ ಹೋಗಿ, ತಾಯಿಮಕ್ಕಳಿಗೆ ನೀರಿನ ಕೊರತೆಯಾಗದಂತೆ ಬಾವಿಗಳನ್ನು ತೋಡಿಸಿ ಇಟ್ಟಿರುತ್ತಿದ್ದನು. ಆದರೂ ಒಂದು ಕಡೆ ಷೋಬೋ ಎಂಬ ಮಾರ್ಗದರ್ಶಕ ದಾರಿ ತಪ್ಪಿ, ಕಡೆಗೆ ತಾನೇ ಕಣ್ಮರೆಯಾದನು. ಗಾಡಿಯಲ್ಲಿದ್ದ ನೀರು ಮುಗಿಯುತ್ತ ಬಂದಿತು. ನೀರು ಕಡಮೆಯಾದಷ್ಟೂ ಮಕ್ಕಳ ಬಾಯಾರಿಕೆ ಹೆಚ್ಚಿತು. ಮೇರಿ ಲಿವಿಂಗ್‌ಸ್ಟನ್ ಗಂಡನನ್ನು ಒಂದು ಮಾತೂ ಆಡಲಿಲ್ಲ. ಕಣ್ಣೀರು ಮಾತ್ರ ಅವಳ ಸಂಕಟವನ್ನು ಹೇಳಿತೆಂದು ಅವನೇ ಬರೆದಿದ್ದಾನೆ. ನೀರು ಹುಡುಕಲು ಹೋದವರು ಐದನೆಯ ದಿನದ ಮಧ್ಯಾಹ್ನ ನೀರನ್ನು ಹೊತ್ತು ತಂದರು. ಇಂತಹ ದಾರಿಗೆ ಎಳೆಯ ಮಕ್ಕಳನ್ನು ಒಯ್ಯುವುದು ಸರಿಯೇ ಎಂಬ ಪ್ರಶ್ನೆ ಅಂದೇ ಎದ್ದಿತು. ಎಷ್ಟು ದೊಡ್ಡ ಹೆಸರಿನವನಾದರೂ ಅದನ್ನು ಸರಿಯೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಆ ವರ್ಷ ಹಿಂದಿರುಗುವಾಗ ಝೌಗಾ ನದಿಯ ದಡದ ಬೀಡಿನಲ್ಲಿ ಮೇರಿಗೆ ಗಂಡುಮಗು ಹುಟ್ಟಿತು. ಅದಕ್ಕೆ ವಿಲಿಯಂ ಆಸ್ವೆಲ್ ಎಂದು ಹೆಸರಿಟ್ಟರು.

ಇತ್ತ ಸೆಕೊಮಿಯ ಭಯ ನಿಜವಾಯಿತು. ತಂಡ ನ್ಗಾಮಿಯನ್ನು ಸೇರಿದಾಗ, ಅಲ್ಲಿಯ ಜನ ಹತ್ತು ದೊಡ್ಡ ದಂತಗಳನ್ನು ಹದಿಮೂರು ಷಿಲಿಂಗ್ ಬೆಲೆಯ ಒಂದು ಕೋವಿಗೆ ಕೊಡುತ್ತಿದ್ದರು. ಕೆಲವೆಡೆ ದಂತಗಳು ಮೂಳೆಗಳೊಡನೆ ಕೊಳೆಯುತ್ತ ಬಿದ್ದಿದ್ದುವು. ಎರಡು ವರ್ಷ ತುಂಬುವುದರೊಳಗೆ ದಂತದ ಬೆಲೆಯನ್ನು ಅರಿಯದವನು ಆ ಸೀಮೆಯಲ್ಲಿ ಒಬ್ಬನೂ ಇರಲಿಲ್ಲ. ಸರೋವರವೂ ಮೊದಲಿನಂತೆ ನಿಲ್ಲಲಿಲ್ಲ. ಅದಕ್ಕೆ ನೀರು ಬರುವುದು ಅಂಗೋಲದ ಎತ್ತರದ ನಾಡಿನ ಮಳೆಯಿಂದ, ಒಕವಾಂಗೊ ನದಿಯ ಜೌಗಿನ ಮೂಲಕ, ತಿಂಗಳುಗಟ್ಟಲೆ ತೆವಳಿ. ಆ ನೀರು ಬಾರದ ವರ್ಷಗಳಲ್ಲಿ ನ್ಗಾಮಿ ಒಣಗಿ ಬಿರಿದ ಬಯಲಾಗುತ್ತದೆ. ಬಂದ ವರ್ಷಗಳಲ್ಲಿ ಮತ್ತೆ ತುಂಬಿ, ಹಕ್ಕಿಗಳ ಹಿಂಡು ಇಳಿಯುತ್ತದೆ.