ಒಂದು ಬಿಲ್ಲು, ಹಲವು ಅಂಬು : ಬೇಟೆಯ ಸಾಧನಗಳನ್ನು ಕುರಿತ ಒಂದು ವಿಚಾರ

೧

ಬೇಟೆಗಾರನಾದವನಿಗೆ ಸಕಲ ಮೃಗಗಳಿಗೂ ಒದಗುವಂಥ ಒಂದೇ ಅಳತೆಯ ರೈಫಲ್ಲು ಸಾಕೇ, ಅಥವಾ ಮೃಗಭೇದಕ್ಕೆ ತಕ್ಕಂತೆ ಬೇರೆ ಬೇರೆ ಅಳತೆಯವು ಬೇಕೇ ಎಂಬುದು ಬಂದೂಕಿನ ವಿದ್ಯೆಯನ್ನು ಬಲ್ಲವರಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿರುವ ವಾದ. ಸಾಹಿತ್ಯಾಭ್ಯಾಸಿಗಳಿಗೆ ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ನಮ್ಮ ಕಾವ್ಯಗಳಲ್ಲಿ ಬೇಟೆಯ ಪ್ರಕರಣಗಳು ವಿಪುಲವಾಗಿವೆ. ಮಹಾಕಾವ್ಯದಲ್ಲಿ ವರ್ಣಿಸತಕ್ಕ ವಿಷಯಗಳನ್ನು ಎಣಿಸುವಾಗ ದಂಡಿಯು ಮೃಗಯೆಯನ್ನು ಹೇಳಿಲ್ಲವಾದರೂ, ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಅದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಪಂಪಭಾರತದಲ್ಲಿ, ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ, ಕುಮಾರವ್ಯಾಸನ ಅರಣ್ಯಪರ್ವದಲ್ಲಿ ಬರುವ ಬೇಟೆಯ ಭಾಗಗಳನ್ನು ಪಾಠ ಹೇಳುವಾಗ ಅಲ್ಲಿನ ಆಯುಧಗಳ ಹೆಸರುಗಳೂ ಉಪಕರಣಗಳ ಹೆಸರುಗಳೂ ಕೇವಲ ಪರ್ಯಾಯಪದಗಳೆಂದು, ಪದ್ಯವನ್ನು ತುಂಬಲು ತಂದವುಗಳೆಂದು ತಳ್ಳಿ ಮುಂದೆ ಹೋಗುವುದು ರೂಢಿಯಾಗಿದೆ. ಈ ರೂಢಿಯು ಸಾಧುವಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ರೈಫಲ್ಲಿನ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಬಿಲ್ಲಿನ ವಿಷಯದಲ್ಲಿ ಎದುರಿಸಿದ್ದರು. ಅವರು ಕೊಟ್ಟ ಉತ್ತರವು ಆ ಹೆಸರುಗಳಲ್ಲಿಯೇ ಅಡಗಿದೆ.

೨

ಮೊದಲು ಪ್ರಶ್ನೆಯ ತೂಕವನ್ನು ನಮ್ಮ ನೆಲದ ಮೇಲೆಯೇ ಅಳೆಯೋಣ. ದಾವಣಗೆರೆ ಜಿಲ್ಲೆಯು ೧೯೯೭ರಲ್ಲಿ ಏರ್ಪಟ್ಟಾಗ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ತಾಲ್ಲೂಕು ಚಿತ್ರದುರ್ಗದಿಂದಲೂ ಬಂದು ಸೇರಿದುವು. ಹೊನ್ನಾಳಿಯಿಂದ ಒಡೆದು ನ್ಯಾಮತಿಯು ಆಮೇಲೆ ಪ್ರತ್ಯೇಕ ತಾಲ್ಲೂಕಾಯಿತು. ಹೊನ್ನಾಳಿ, ನ್ಯಾಮತಿಗಳು ತುಂಗಭದ್ರೆಯ ಬಯಲಿನಿಂದ ಮಲೆನಾಡಿನ ಅಂಚಿನವರೆಗೆ ಹಬ್ಬಿವೆ. ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಚನ್ನಗಿರಿಯಲ್ಲಿ ಸೂಳೆಕೆರೆಯ ನೀರೂ ಉಬ್ರಾಣಿಯ ಕಡೆಯ ಕಾಡೂ ಇವೆ. ಜಗಳೂರಾದರೋ ಕುರುಚಲು ಗಿಡಗಳ ಒಣನೆಲ. ಅಲ್ಲಿಯ ರಂಗಯ್ಯನದುರ್ಗದ ಸುತ್ತ ಸುಮಾರು ೭೭ ಚದರ ಕಿಲೋಮೀಟರು ಕಾಡನ್ನು ಕೊಂಡುಕುರಿಯ ರಕ್ಷಣೆಗಾಗಿ ೨೦೧೧ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಕೊಂಡುಕುರಿಯು ನಾಲ್ಕು ಕೊಂಬುಳ್ಳ, ಸುಮಾರು ಇಪ್ಪತ್ತು ಕಿಲೋಗ್ರಾಮು ತೂಗುವ ಪುಟ್ಟ ಮೃಗ. ಅದೇ ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗೆ ಆಗಾಗ ಇಳಿದುಬರುವ ಕಾಡಾನೆಯು ನಾಲ್ಕು ಸಾವಿರ ಕಿಲೋಗ್ರಾಮು ತೂಗಬಲ್ಲುದು. ಇವೆರಡರ ಅಂತರವು ಇನ್ನೂರು ಪಾಲು. ಒಂದರ ಚರ್ಮವು ತೆಳುವು, ಇನ್ನೊಂದರ ತಲೆಬುರುಡೆಯು ಅಡಿಗಟ್ಟಲೆ ದಪ್ಪದ ಜೇನುಗೂಡಿನಂಥ ಎಲುಬು. ಒಂದು ಪೊದೆಯ ಮರೆಯಿಂದ ಚಂಗನೆ ನೆಗೆದೋಡುವುದು, ಇನ್ನೊಂದು ಎದುರಿಗೆ ನುಗ್ಗುವುದು. ಇಂಥ ನಾಡಿನಲ್ಲಿ ಒಂದೇ ಆಯುಧವು ಎಲ್ಲಕ್ಕೂ ಸಲ್ಲುವುದೇ ಎಂಬ ಸಂಶಯವು ನಿಷ್ಕಾರಣವಾದುದಲ್ಲ.

೩

ಒಂದೇ ಸಾಕೆಂಬ ಪೂರ್ವಪಕ್ಷಕ್ಕೆ ಬಲವಾದ ಸಾಕ್ಷಿಗಳುಂಟು. ಬೆಂಗಳೂರಿನ ಕೆನೆತ್ ಆಂಡರ್ಸನ್ನರು ತಮ್ಮ ಬೇಟೆಯ ಬಹುಭಾಗವನ್ನು .೪೦೫ ಅಂಗುಲದ ಅಳತೆಯ ಒಂದು ವಿಂಚೆಸ್ಟರ್ ರೈಫಲ್ಲಿನಿಂದಲೇ ನಡೆಸಿದರು. ೧೯೫೪ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕದಲ್ಲಿ ಚನ್ನಗಿರಿಯ ನೆರೆಯ ಹೊಸದುರ್ಗ–ಹೊಳಲ್ಕೆರೆಗಳ ನರಭಕ್ಷಕ ಹುಲಿಯ ವೃತ್ತಾಂತವೂ ಇದೆ. ಆಫ್ರಿಕದಲ್ಲಿ ಬೆಲ್ ಎಂಬಾತನು ಸಾವಿರಕ್ಕೂ ಮಿಕ್ಕ ಆನೆಗಳನ್ನು ಕೊಂದವನು. ಅವುಗಳಲ್ಲಿ ಬಹುಪಾಲನ್ನು ಕೊಂದುದು.೨೭೫ರ ಸಣ್ಣ ರೈಫಲ್ಲಿನಿಂದ. ಆನೆಯ ತಲೆಬುರುಡೆಯನ್ನು ಸೀಳಿಸಿ ಮೆದುಳಿರುವ ಸ್ಥಾನವನ್ನು ನಿರ್ಧರಿಸಿಕೊಂಡು ಅಲ್ಲಿಗೇ ಗುರಿಯಿಡುತ್ತಿದ್ದುದರಿಂದ ಅವನಿಗೆ ಅಷ್ಟು ಸಾಕಾಯಿತು. ಮರ್ಮವನ್ನು ಬಲ್ಲವನಿಗೆ ಅಳತೆಯು ಗೌಣವೆಂಬುದೇ ಈ ಪಕ್ಷದ ಸಾರ.

ಇದಕ್ಕೆ ಪ್ರತಿಯಾಗಿ ಹಲವು ಬೇಕೆಂಬವರಲ್ಲಿ ಮೈಸೂರಿನಲ್ಲಿ ಆನೆ ಹಿಡಿಯುವ ಖೆಡ್ಡಾವನ್ನು ನಡೆಸಿದ ಸ್ಯಾಂಡರ್ಸನ್ನರನ್ನು ಹೆಸರಿಸಬಹುದು. ೧೮೭೮ರಲ್ಲಿ ಹೊರಬಂದ ಅವರ ಗ್ರಂಥದಲ್ಲಿ ಆನೆಗಾಗಿ ನಾಲ್ಕರ ಬೋರಿನ ಭಾರಿ ಕೋವಿಯ ಮಾತಿದೆ. ಬೋರೆಂಬುದರ ಅರ್ಥವಿಷ್ಟೆ: ನಳಿಗೆಯ ಅಳತೆಗೆ ಸರಿಹೋಗುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟಾಗುವುವೋ ಅದೇ ಬೋರಿನ ಸಂಖ್ಯೆ. ನಾಲ್ಕರ ಬೋರಿನ ಗುಂಡು ಕಾಲು ಪೌಂಡು, ಎಂದರೆ ಸುಮಾರು ೧೧೩ ಗ್ರಾಮು ತೂಗುವುದು. ಆಂಡರ್ಸನ್ನರ ರೈಫಲ್ಲಿನ ಗುಂಡು ೨೦ ಗ್ರಾಮಿಗೂ ಕಡಮೆ. ಸ್ಯಾಂಡರ್ಸನ್ನರ ಕಾಲದ ಕರಿಮದ್ದು ಗುಂಡಿಗೆ ಹೆಚ್ಚು ವೇಗವನ್ನು ಕೊಡಲಾರದುದರಿಂದ ತೂಕವನ್ನು ಏರಿಸುವುದೊಂದೇ ಉಪಾಯವಾಗಿತ್ತು. ಶತಮಾನದ ಕೊನೆಯಲ್ಲಿ ಹೊಗೆಯಿಲ್ಲದ ಮದ್ದು ಬಂದಮೇಲೆಯೇ ‘ಎಲ್ಲಕ್ಕೂ ಒಂದು’ ಎಂಬ ಮಾತಿಗೆ ಅವಕಾಶವಾಯಿತು, ೧೯೦೬ರ.೩೦-೦೬, ೧೯೧೨ರ .೩೭೫ ಮ್ಯಾಗ್ನಂ ಇವು ಆ ಹೆಸರನ್ನು ಪಡೆದುವು.

ಆದರೆ ಈ ‘ಒಂದು’ ಎಂಬುದನ್ನು ಬಿಡಿಸಿ ನೋಡಿದರೆ ಅದು ಒಂದಲ್ಲ. .೩೦-೦೬ರ ರೈಫಲ್ಲು ಒಂದೇ ಆದರೂ ಅದಕ್ಕೆ ೧೧೦ ಗ್ರೇನಿನಿಂದ ೨೨೦ ಗ್ರೇನಿನವರೆಗೆ ನಾನಾ ತೂಕದ ಗುಂಡುಗಳುಂಟು. ನಮ್ಮ ಮಲೆನಾಡಿನ ಜೋಡುನಳಿಗೆಯ ಕೋವಿಯೂ ಹಾಗೆಯೇ: ಹಕ್ಕಿಗೆ ಸಣ್ಣ ಚರೆಯ ತೋಟೆ, ಹಂದಿಗೆ ದಪ್ಪ ಚರೆಯ ತೋಟೆ, ಅದಕ್ಕೂ ಮೀರಿದುದಕ್ಕೆ ಒಂಟಿಗುಂಡು. ಕೋವಿಯು ಒಂದು, ಈಡು ಹಲವು. ಇದೇ ನಮ್ಮ ಧನುರ್ವೇದದ ಮತ.

೪

ಧನುರ್ವೇದದ ಗ್ರಂಥಗಳು ಬಾಣದ ಮೊನೆಗಳನ್ನು ಆರಾಮುಖ, ಕ್ಷುರಪ್ರ, ಗೋಪುಚ್ಛ, ಅರ್ಧಚಂದ್ರ, ಸೂಚೀಮುಖ, ಭಲ್ಲ, ವತ್ಸದಂತ, ದ್ವಿಭಲ್ಲ, ಕರ್ಣಿಕ, ಕಾಕತುಂಡ ಎಂದು ವಿಭಾಗಿಸಿ, ಒಂದೊಂದಕ್ಕೂ ಒಂದೊಂದು ಕಾರ್ಯವನ್ನು ವಿಧಿಸಿವೆ. ಸೂಚೀಮುಖವು ಕವಚವನ್ನು ಭೇದಿಸತಕ್ಕುದು, ಅರ್ಧಚಂದ್ರವು ಕತ್ತರಿಸತಕ್ಕುದು, ಭಲ್ಲವು ಹೃದಯವನ್ನು ಸೇರತಕ್ಕುದು. ಬಿಲ್ಲನ್ನು ಬದಲಾಯಿಸೆಂದು ಹೇಳದೆ ಅಂಬನ್ನು ಆರಿಸಿಕೊಳ್ಳೆಂದು ಹೇಳಿರುವುದು ಗಮನಾರ್ಹ. ಅರ್ಜುನನ ಗಾಂಡೀವವು ಒಂದೇ, ಬತ್ತಳಿಕೆಯಲ್ಲಿದ್ದುವು ಹಲವು.

ಇಲ್ಲಿ ಕೆಲವರು ಅಮರಕೋಶವನ್ನು ಮುಂದೊಡ್ಡಿ, ಪೃಷತ್ಕ, ಬಾಣ, ವಿಶಿಖ, ಮಾರ್ಗಣ, ಶರ, ಪತ್ರಿ ಮೊದಲಾದುವುಗಳೆಲ್ಲವೂ ಒಂದೇ ಅರ್ಥದವಲ್ಲವೆ ಎನ್ನುವರು. ಸತ್ಯವೇ. ಆದರೆ ಅದೇ ಅಮರಸಿಂಹನು ಕಬ್ಬಿಣದ ಬಾಣವಾದ ನಾರಾಚವನ್ನು ಆ ಗುಂಪಿನಿಂದ ಬೇರ್ಪಡಿಸಿದ್ದಾನೆ. ವಿಷವನ್ನು ಸವರಿದ ಬಾಣಕ್ಕೆ ದಿಗ್ಧ, ಲಿಪ್ತಕ ಎಂಬ ಬೇರೆ ಹೆಸರುಗಳನ್ನೇ ಕೊಟ್ಟಿದ್ದಾನೆ. ಇನ್ನೂ ಮುಂದೆ ಹೋಗಿ, ಮೃಗಗಳನ್ನು ಕಟ್ಟುವ ಬಲೆಗೆ ವಾಗುರಾ ಎಂದೂ, ಕೂಟಯಂತ್ರಕ್ಕೆ ಉನ್ಮಾಥವೆಂದೂ, ಬೇಟೆಯಲ್ಲಿ ಕುಶಲವಾದ ನಾಯಿಗೆ ವಿಶ್ವಕದ್ರುವೆಂದೂ ಹೇಳಿದ್ದಾನೆ. ಎಲ್ಲ ನಾಯಿಗಳೂ ಒಂದೇ ಆಗಿದ್ದರೆ ಬೇಟೆನಾಯಿಗೆ ಪ್ರತ್ಯೇಕವಾದ ಹೆಸರೇಕೆ? ಪರ್ಯಾಯವೆಲ್ಲಿ, ಭೇದವೆಲ್ಲಿ ಎಂಬುದನ್ನು ಕೋಶಕಾರನೇ ತೋರಿಸಿಕೊಟ್ಟಿರುವಾಗ ನಾವು ಎಲ್ಲವನ್ನೂ ಒಂದು ರಾಶಿಗೆ ಸುರಿಯುವುದು ಅವಿಚಾರ.

ಕನ್ನಡದಲ್ಲಿಯೂ ಸ್ಥಿತಿ ಹೀಗೆಯೇ. ಬೇಟೆಯಲ್ಲಿ ಕಾಡುಮೃಗವನ್ನು ಸೆಳೆಯಲು ಪಳಗಿಸಿಟ್ಟ ಮೃಗಕ್ಕೆ ಹಳಗನ್ನಡದಲ್ಲಿ ‘ದೀವ’ವೆಂಬ ಹೆಸರುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮೃಗಯೆಗೆ, ನಾಯಿಗಳಿಗೆ, ಡೇಗೆಗೆ, ಮೀನಿನ ಬೇಟೆಗೆ ಬೇರೆ ಬೇರೆ ವಿನೋದಗಳನ್ನೇ ಮೀಸಲಿಟ್ಟಿದ್ದಾನೆ. ಹನ್ನೆರಡನೆಯ ಶತಮಾನದ ಕನ್ನಡನಾಡಿನ ಅರಸನಿಗೆ ಎರಡನೆಯ ಆಯುಧವೆಂದರೆ ಇನ್ನೊಂದು ಬಿಲ್ಲಲ್ಲ. ನಾಯಿ, ಬಲೆ, ಡೇಗೆ, ದೀವಗಳೇ. ಇದಕ್ಕೆ ಶಿಲಾಸಾಕ್ಷಿಯೂ ಉಂಟು. ಶಕ ೮೭೨ರ (ಕ್ರಿ. ಶ. ೯೪೯–೫೦) ಆತಕೂರಿನ ಶಾಸನದಲ್ಲಿ, ಮಣಲೆರನು ತನ್ನ ಪರಾಕ್ರಮಕ್ಕೆ ಪ್ರತಿಯಾಗಿ ಬೂತುಗನಿಂದ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನೆಂದೂ, ಕೆಳಲೆಯ ಬಳಿ ಅದನ್ನು ಮಹಾವರಾಹದ ಮೇಲೆ ಬಿಡಲಾಗಿ ಎರಡೂ ಹೋರಾಡಿ ಸತ್ತುವೆಂದೂ ಹೇಳಿದೆ. ಯುದ್ಧದಲ್ಲಿ ಗೆದ್ದ ವೀರನು ಕತ್ತಿಯನ್ನಾಗಲಿ ಬಿಲ್ಲನ್ನಾಗಲಿ ಬೇಡದೆ ನಾಯಿಯನ್ನು ಬೇಡಿದನೆಂಬುದು ಆ ಕಾಲದ ಬೇಟೆಗಾರನ ಲೆಕ್ಕಾಚಾರವನ್ನು ತಿಳಿಸುತ್ತದೆ.

೫

ಇಷ್ಟಾದರೂ ಸಾಧನಭೇದವೇ ಸಿದ್ಧಾಂತವಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ಮೃಗಯೆಯನ್ನು ವ್ಯಸನಗಳಲ್ಲಿ ಎಣಿಸಿಯೂ ಅದರ ಗುಣಗಳನ್ನು ಹೇಳುವಾಗ, ನಿಂತ ಗುರಿ, ಚಲಿಸುವ ಗುರಿಗಳ ಅಭ್ಯಾಸದೊಡನೆ, ಕೋಪ ಭಯಗಳಲ್ಲಿ ಮೃಗಗಳ ಚಿತ್ತವು ಹೇಗಿರುವುದೆಂಬ ಜ್ಞಾನವನ್ನೂ ಸೇರಿಸಿದ್ದಾನೆ. ಆಯುಧದ ಆಯ್ಕೆಯು ಈ ಜ್ಞಾನದ ಮಗುವೇ ಹೊರತು ತಾಯಿಯಲ್ಲ.

ಇದನ್ನು ಕಾಳಿದಾಸನು ರಘುವಂಶದ ಎರಡು ಪ್ರಸಂಗಗಳಲ್ಲಿ ತೋರಿಸಿದ್ದಾನೆ. ಐದನೆಯ ಸರ್ಗದಲ್ಲಿ ನರ್ಮದೆಯ ತೀರದ ಕಾಡಾನೆಯು ನುಗ್ಗಿಬಂದಾಗ ಅಜನು ಅದು ಅರಸರಿಗೆ ಅವಧ್ಯವೆಂಬುದನ್ನು ನೆನೆದು, ಹಿಂದಿರುಗಿಸುವಷ್ಟರ ಮಟ್ಟಿಗೆ, ಬಿಲ್ಲನ್ನು ಪೂರ್ತಿಯಾಗಿ ಸೆಳೆಯದೆ ಕುಂಭಸ್ಥಳಕ್ಕೆ ಹೊಡೆದನು. ಒಂಬತ್ತನೆಯ ಸರ್ಗದಲ್ಲಿ ಅವನ ಮಗನಾದ ದಶರಥನು ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು, ನಿಷಿದ್ಧವಾದುದನ್ನೇ ಮಾಡಿ ಮುನಿಕುಮಾರನನ್ನು ಕೊಂದನು. ಅಂಬು ಚೆನ್ನಾಗಿಯೇ ಇತ್ತು, ಕೈಯೂ ತಪ್ಪಲಿಲ್ಲ. ಎದುರಿಗಿರುವುದು ಏನೆಂಬ ನಿಶ್ಚಯವೊಂದೇ ಇರಲಿಲ್ಲ. ತಂದೆಯು ಬಲವನ್ನು ಅಳೆದು ಬಿಟ್ಟನು, ಮಗನು ಅಳೆಯದೆ ಬಿಟ್ಟನು. ಈ ಎರಡು ಸರ್ಗಗಳನ್ನು ಒಟ್ಟಿಗೆ ಓದಿಸಿದಲ್ಲದೆ ವಿದ್ಯಾರ್ಥಿಗೆ ಕವಿಯ ಅಭಿಪ್ರಾಯವು ತಿಳಿಯದು.

೬

ಇಂದು ಬೇಟೆಯ ಪ್ರಶ್ನೆಯು ಕಾನೂನಿನಿಂದ ಮುಗಿದಿದೆ. ೧೯೦೧ರಲ್ಲಿ ಮೈಸೂರು ಸಂಸ್ಥಾನವು ಮೃಗ ಮತ್ಸ್ಯಗಳ ರಕ್ಷಣೆಗೆ ರೆಗ್ಯುಲೇಷನ್ನನ್ನು ಮಾಡಿ ಬೇಟೆಯನ್ನು ಕಟ್ಟಿಗೆ ತಂದಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಾದಮೇಲೆ ವಿನೋದದ ಬೇಟೆಯು ಅಪರಾಧವಾಯಿತು. ಆದರೂ ಅಜನ ಸಮಸ್ಯೆಯು ಹಾಗೆಯೇ ಉಳಿದಿದೆ. ೨೦೨೩ರ ಏಪ್ರಿಲಿನಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಪ್ರಾಣಹಾನಿ ಮಾಡಿದ ಕಾಡಾನೆಯನ್ನು ಸೆರೆಹಿಡಿಯುವ ಕಾರ್ಯವು ನ್ಯಾಮತಿ ತಾಲ್ಲೂಕಿನ ಜೀನಹಳ್ಳಿಯ ಬಳಿ ನಡೆಯುತ್ತಿದ್ದಾಗ, ಅರಿವಳಿಕೆಯ ಚುಚ್ಚುಮದ್ದನ್ನು ಕೋವಿಯಿಂದ ಹೊಡೆಯುವ ಕೆಲಸದಲ್ಲಿದ್ದ ಪಶುವೈದ್ಯರೊಬ್ಬರು ಆನೆಯ ದಾಳಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡರು. ಈ ಚುಚ್ಚುಮದ್ದು ‘ದಿಗ್ಧ’ವೇ, ಕೊಲ್ಲುವುದಕ್ಕಲ್ಲ, ಉಳಿಸುವುದಕ್ಕೆ. ಇಲ್ಲಿ ಕೋವಿಯು ಒಂದೇ. ಮದ್ದಿನ ಪ್ರಮಾಣವು ಮೃಗದ ತೂಕಕ್ಕೂ, ಹೊಡೆತದ ಒತ್ತಡವು ದೂರಕ್ಕೂ ತಕ್ಕಂತೆ ಬದಲಾಗಬೇಕು. ಹೆಚ್ಚಾದರೆ ಮೃಗವು ಸಾಯುವುದು, ಕಡಮೆಯಾದರೆ ಮನುಷ್ಯನು ಸಾಯುವನು.

ಇನ್ನೊಂದು ಕಡೆಯಲ್ಲಿ, ಹೊಲದ ಬೇಲಿಗೆ ಹಂದಿಗೆಂದು ಕದ್ದು ಒಡ್ಡುವ ತಂತಿಯ ಉರುಳಿಗೆ ಚಿರತೆಯೂ ಕರಡಿಯೂ ಬೀಳುತ್ತವೆ; ಹಂದಿಗೆಂದು ಇಟ್ಟ ಸಿಡಿಮದ್ದನ್ನು ಹಸುಗಳೂ ಕಚ್ಚುತ್ತವೆ. ನಿಜವಾಗಿ ಸಕಲ ಮೃಗಗಳಿಗೂ ಸಲ್ಲುವ ಏಕೈಕ ಸಾಧನವೆಂದರೆ ಈ ಉರುಳೇ. ಏಕೆಂದರೆ ಅದಕ್ಕೆ ಎದುರಿಗಿರುವುದು ಏನೆಂಬ ವಿಚಾರವೇ ಇಲ್ಲ. ಒಂದೇ ಸಾಕೆಂಬ ಮತವನ್ನು ಕೊನೆಯವರೆಗೆ ಎಳೆದರೆ ಇಲ್ಲಿಗೆ ಬಂದು ನಿಲ್ಲುವುದು.

ಆದುದರಿಂದ ಬಿಲ್ಲು ಒಂದಾಗಿರಬಹುದು, ಅಂಬು ಒಂದಾಗಿರಲಾಗದು. ಅಂಬುಗಳು ಎಷ್ಟಿದ್ದರೂ ಅವನ್ನು ಆರಿಸುವ ಅರಿವಿಲ್ಲದಿದ್ದರೆ ವ್ಯರ್ಥ. ಇದೇ ಸಿದ್ಧಾಂತ. ನಮ್ಮ ಕವಿಗಳು ಅಂಬಿನ, ಬಲೆಯ, ನಾಯಿಯ ಹೆಸರುಗಳನ್ನು ಬೇರೆ ಬೇರೆಯಾಗಿ ಹೇಳಿದಾಗ ಅವರು ಈ ಅರಿವನ್ನೇ ದಾಖಲೆ ಮಾಡುತ್ತಿದ್ದರು. ಬೇಟೆಯು ನಿಂತುಹೋದ ನಾಡಿನಲ್ಲಿ ಆ ಅರಿವಿಗೆ ಉಳಿದಿರುವ ಆಸರೆಯು ಆ ಪದಗಳೇ. ಬೇಟೆಯ ಪ್ರಕರಣಗಳನ್ನು ಸಂಪಾದಿಸುವ ವಿದ್ವಾಂಸರು ಅರ್ಥಕೋಶದಲ್ಲಿ ಅವೆಲ್ಲಕ್ಕೂ ‘ಬಾಣ’, ‘ಬಲೆ’ ಎಂದಷ್ಟೇ ಬರೆದು ಬಿಡದೆ, ಯಾವ ಬಾಣ, ಯಾವ ಬಲೆ, ಯಾವ ಮೃಗಕ್ಕೆ ಎಂಬುದನ್ನೂ ಗುರುತಿಸಬೇಕೆಂದು ವಿನಂತಿ.