ಕಡಿಮೆ ಖರ್ಚಿನಲ್ಲಿ ಹೆಚ್ಚು ವೇಗ: ಒಂದು ಪುಟ್ಟ ಎಂಜಿನ್ನಿನ ಇತಿಹಾಸ

ಕಾರಿನ ವೇಗವನ್ನು ಹೆಚ್ಚಿಸಬೇಕು. ಆದರೆ ಕೈಯಲ್ಲಿರುವ ಹಣ ಅಲ್ಪ. ಎಂಜಿನ್ನಿನ ಯಾವ ಭಾಗವನ್ನು ಮೊದಲು ಸುಧಾರಿಸಬೇಕು? ಇದು ಕಾರುಗಳ ಸ್ಪರ್ಧೆಯಷ್ಟೇ ಹಳೆಯ ಪ್ರಶ್ನೆ. ಇದಕ್ಕೆ ಉತ್ತಮ ಉತ್ತರಗಳು ದೊಡ್ಡ ಕಂಪನಿಗಳ ಪ್ರಯೋಗಾಲಯಗಳಿಂದ ಮಾತ್ರವಲ್ಲ, ಹಣವಿಲ್ಲದ ತರುಣರ ಗ್ಯಾರೇಜುಗಳಿಂದಲೂ ಬಂದಿವೆ. ಅಂಥ ಒಂದು ಎಂಜಿನ್ ಪರಂಪರೆ ಇಂಗ್ಲೆಂಡಿನಲ್ಲಿ ಹುಟ್ಟಿ, 1980ರ ದಶಕದಲ್ಲಿ ನಮ್ಮ ಬೆಂಗಳೂರಿನವರೆಗೂ ಬಂದಿತು. ಅದರ ಕತೆಯನ್ನು ನೋಡೋಣ.

ಎಂಜಿನ್ ಒಂದು ಗಾಳಿಯ ಪಂಪು

ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ನಿರ್ಧರಿಸುವುದು ಪೆಟ್ರೋಲಿಗಿಂತ ಹೆಚ್ಚಾಗಿ ಗಾಳಿ. ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಸುರಿಯುವುದು ಸುಲಭ. ಗಾಳಿಯನ್ನು ಒಳಗೆ ತರುವುದೇ ಕಷ್ಟ. ಸೂಜಿ ಇಲ್ಲದ ಸಿರಿಂಜಿನ ಬಾಯನ್ನು ಬೆರಳಿನಿಂದ ಅರೆಬರೆ ಮುಚ್ಚಿ, ಅದರ ಕೊಂತವನ್ನು ಒಮ್ಮೆ ನಿಧಾನವಾಗಿ, ಮತ್ತೊಮ್ಮೆ ಬೇಗನೆ ಎಳೆದು ನೋಡಿ. ಬೇಗನೆ ಎಳೆದಾಗ ಕೊಂತ ತಡೆಯುತ್ತದೆ. ಗಾಳಿ ತುಂಬಲು ಸಮಯ ಸಾಲುವುದಿಲ್ಲ. ಎಂಜಿನ್ನಿನ ಸಿಲಿಂಡರಿನಲ್ಲಿಯೂ ಹೀಗೆಯೇ.

ಆದ್ದರಿಂದ ಶಕ್ತಿಯನ್ನು ಹೆಚ್ಚಿಸಲು ಇರುವ ಮುಖ್ಯ ದಾರಿಗಳು ನಾಲ್ಕು: ಸಿಲಿಂಡರನ್ನು ದೊಡ್ಡದಾಗಿಸುವುದು, ಅದು ಚೆನ್ನಾಗಿ ತುಂಬುವಂತೆ ಮಾಡುವುದು, ಸಂಪೀಡನ ಅನುಪಾತವನ್ನು ಏರಿಸುವುದು, ಮತ್ತು ನಿಮಿಷಕ್ಕೆ ಹೆಚ್ಚು ಸುತ್ತು ತಿರುಗಿಸುವುದು. ಇವುಗಳಲ್ಲಿ ಯಾವುದು ಅಗ್ಗ?

ಒಂದು ತಗಡಿನ ತುಂಡು

1922ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಆಸ್ಟಿನ್ 'ಆಸ್ಟಿನ್ ಸೆವೆನ್' ಎಂಬ ಪುಟ್ಟ ಕಾರನ್ನು ಹೊರತಂದ. ಅದರ ವಿನ್ಯಾಸದಲ್ಲಿ ನೆರವಾದವನು ಹದಿಹರೆಯದ ಸ್ಟ್ಯಾನ್ಲಿ ಎಡ್ಜ್. ಎಂಜಿನ್ನಿನ ಗಾತ್ರ ಬೇಗನೆ 747 ಘನ ಸೆಂಟಿಮೀಟರಿಗೆ ನಿಂತಿತು. 1939ರಲ್ಲಿ ತಯಾರಿಕೆ ನಿಂತ ಮೇಲೂ ಹಳೆಯ ಕಾರುಗಳು ಅಗ್ಗವಾಗಿ ಸಿಗುತ್ತಿದ್ದವು. ಹೀಗಾಗಿ ಬಡ ಸ್ಪರ್ಧಿಗಳ ಮೆಚ್ಚಿನ ಎಂಜಿನ್ ಇದಾಯಿತು.

ಅವರಲ್ಲಿ ಒಬ್ಬ ಕಾಲಿನ್ ಚಾಪ್‌ಮನ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದ್ದ ಈತ ಮುಂದೆ ಲೋಟಸ್ ಕಂಪನಿಯನ್ನು ಕಟ್ಟಿದ. 1951ರಲ್ಲಿ ತನ್ನ ಲೋಟಸ್ ಮಾರ್ಕ್ 3 ಕಾರಿಗೆ ಆಸ್ಟಿನ್ ಎಂಜಿನ್ನನ್ನೇ ಬಳಸಿದ. ಆ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಗಾಳಿಯ ದ್ವಾರಗಳು ಎರಡೇ. 1 ಮತ್ತು 2ನೆಯ ಸಿಲಿಂಡರುಗಳಿಗೆ ಒಂದು, 3 ಮತ್ತು 4ನೆಯವಕ್ಕೆ ಇನ್ನೊಂದು. ದಹನದ ಕ್ರಮ 1-3-4-2. ಅಂದರೆ 3 ಮತ್ತು 4 ಒಂದರ ಹಿಂದೊಂದು ಒಂದೇ ಬಾಯಿಯಿಂದ ಗಾಳಿಯನ್ನು ಎಳೆದುಕೊಳ್ಳುತ್ತಿದ್ದವು. ಒಂದರ ಪಾಲನ್ನು ಇನ್ನೊಂದು ಕಸಿಯುತ್ತಿತ್ತು.

ಚಾಪ್‌ಮನ್ ಮಾಡಿದ ಉಪಾಯ ಸರಳ. ದ್ವಾರದ ನಡುವೆ ಉಕ್ಕಿನ ತಗಡಿನ ಗೋಡೆಯನ್ನು ನಿಲ್ಲಿಸಿ, ನಾಲ್ಕು ಸಿಲಿಂಡರುಗಳಿಗೂ ಬೇರೆ ಬೇರೆ ಉಸಿರಾಟದ ದಾರಿ ಮಾಡಿಕೊಟ್ಟ. ಕಾರು ಎಷ್ಟು ಸುಲಭವಾಗಿ ಗೆದ್ದಿತೆಂದರೆ, ಸ್ಪರ್ಧೆ ನಡೆಸುತ್ತಿದ್ದ 750 ಮೋಟಾರ್ ಕ್ಲಬ್ ಆ ಉಪಾಯವನ್ನೇ ನಿಷೇಧಿಸಿತು! ಆತ ಎಂಜಿನ್ನನ್ನು ದೊಡ್ಡದಾಗಿಸಲಿಲ್ಲ. ಅದರ ಅಡ್ಡಿಯನ್ನು ಗುರುತಿಸಿ ತೆಗೆದ.

ಬೆಂಗಳೂರಿನ ಡಾಲ್ಫಿನ್

ಆಸ್ಟಿನ್ ಸೆವೆನ್ ಎಂಜಿನ್ನನ್ನು ಬಳಸುತ್ತಿದ್ದ ಇನ್ನೊಂದು ಕಂಪನಿ ರಿಲಯಂಟ್. ಆಸ್ಟಿನ್ ತಯಾರಿಕೆ ನಿಲ್ಲಿಸಿದಾಗ ಅದೇ ಮಾದರಿಯ ಎಂಜಿನ್ನನ್ನು ತಾನೇ ಮಾಡತೊಡಗಿತು. 1962ರಲ್ಲಿ ಅದರ ಜಾಗಕ್ಕೆ ಹಗುರವಾದ ಅಲ್ಯೂಮಿನಿಯಂ ಎಂಜಿನ್ ತಂದಿತು. ಅದು ಬೆಳೆದು 848 ಘನ ಸೆಂಟಿಮೀಟರ್ ಆದಾಗ, ನಾರುಗಾಜಿನ ಮೈಯ 'ಕಿಟನ್' ಕಾರಿಗೆ ಅಳವಡಿಸಿತು.

ಈ ಕಿಟನ್ನೇ ಬೆಂಗಳೂರಿಗೆ ಬಂದಿತು. ಬಾದಲ್ ಎಂಬ ಮೂರು ಚಕ್ರದ ಕಾರನ್ನು ಮಾಡಿದ್ದ ಸಿಪಾನಿಯವರ ಸಂಸ್ಥೆ, 1982ರಲ್ಲಿ ಇದನ್ನು 'ಡಾಲ್ಫಿನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಶೋಳಾವರಂ ರೇಸುಗಳಲ್ಲೂ ರ‍್ಯಾಲಿಗಳಲ್ಲೂ ಡಾಲ್ಫಿನ್ ಓಡಿತು. ಕಾರಣವನ್ನು ಲೆಕ್ಕ ಹಾಕಬಹುದು. ಕಿಟನ್ನಿನ ತೂಕ ಸುಮಾರು 520 ಕೆ.ಜಿ., ಶಕ್ತಿ ಸುಮಾರು 40 ಅಶ್ವಶಕ್ತಿ. ಅಂದರೆ ಟನ್ನಿಗೆ 77. ಆಗಿನ ಅಂಬಾಸಡರ್ ಸುಮಾರು 1100 ಕೆ.ಜಿ., 50 ಅಶ್ವಶಕ್ತಿ. ಟನ್ನಿಗೆ 45 ಮಾತ್ರ. ಸರಿಗಟ್ಟಬೇಕಾದರೆ ಅಂಬಾಸಡರಿಗೆ ಸುಮಾರು 85 ಅಶ್ವಶಕ್ತಿ ಬೇಕಾಗುತ್ತಿತ್ತು. ತೂಕ ಇಳಿಸುವುದು ಎಂಜಿನ್ನನ್ನು ಮುಟ್ಟದೆಯೇ ಮಾಡುವ ಎಂಜಿನ್ ಸುಧಾರಣೆ.

ಆದರೆ ರೇಸಿನ ಗುಣವೇ ಮಾರುಕಟ್ಟೆಯ ಗುಣವಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಜನ ಅತ್ತ ತಿರುಗಿದರು. ಡಾಲ್ಫಿನ್ ಬೇಗನೆ ಮರೆಯಾಯಿತು.

ಘಟ್ಟದ ರಸ್ತೆಯಲ್ಲಿ

ಯಾವ ಸುಧಾರಣೆ ಎಂಬುದನ್ನು ರಸ್ತೆಯೂ ನಿರ್ಧರಿಸುತ್ತದೆ. ಉತ್ತರ ಕನ್ನಡದ ಮುಂಡಗೋಡದಿಂದ ಹುಬ್ಬಳ್ಳಿಯ ಕಡೆಗಿನ ರಸ್ತೆ ಬಹುಮಟ್ಟಿಗೆ ಸಮತಟ್ಟು. ಹಳಿಯಾಳ, ದಾಂಡೇಲಿಗಳನ್ನು ದಾಟಿ ಜೋಯಿಡಾ ತಾಲೂಕಿನ ಅಣಶಿ ಘಟ್ಟಕ್ಕೆ ಬಂದರೆ ಕತೆಯೇ ಬೇರೆ. 15 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ, ಚಾಲಕನೂ ಸೇರಿ 600 ಕೆ.ಜಿ. ತೂಗುವ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿ ಏರಲು, ಏರಿಗಷ್ಟೇ ಸುಮಾರು 5 ಅಶ್ವಶಕ್ತಿ ಬೇಕು. 1200 ಕೆ.ಜಿ. ಕಾರಿಗೆ ಅದರ ಎರಡರಷ್ಟು. ದಾಂಡೇಲಿ ಸಮುದ್ರಮಟ್ಟದಿಂದ ಸುಮಾರು 470 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ 4-5 ಶೇಕಡಾ ಕಡಿಮೆ. ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ.

ರೇಸಿಗೆಂದು ಮಾಡಿದ ಕ್ಯಾಮ್ ದಂಡ ಕವಾಟಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ವೇಗದ ಸುತ್ತುಗಳಲ್ಲಿ ಇದು ಲಾಭ. ತಿರುವುಗಳಲ್ಲಿ ನಿಧಾನವಾಗಿ ತಿರುಗುವಾಗ ನಷ್ಟ. ಹಾಗಾಗಿ ಅಣಶಿಯ ತಿರುವುಗಳಿಗೆ ಇಂಥ ದಂಡ ಹೊಂದದು.

ಹಣದ ಸರದಿ

ಈ ಇತಿಹಾಸದಿಂದ ಒಂದು ಕ್ರಮ ಹೊರಡುತ್ತದೆ. ಮೊದಲು ಬ್ರೇಕು, ಟಯರು ಮತ್ತು ಎಂಜಿನ್ನಿನ ಆರೋಗ್ಯ: ಸೋರುವ ಕವಾಟ, ತಪ್ಪಿದ ಕಿಡಿಯ ಸಮಯ ಇವನ್ನು ಸರಿಪಡಿಸಿದರೆ ಕಳೆದುಹೋದ ಶಕ್ತಿ ಮರಳುತ್ತದೆ. ಎರಡನೆಯದು ತೂಕ. ಮೂರನೆಯದು ಉಸಿರಾಟ, ಅಂದರೆ ಗಾಳಿ ಬರುವ ಮತ್ತು ಹೊಗೆ ಹೋಗುವ ದಾರಿ.

ನಾಲ್ಕನೆಯದು ಸಂಪೀಡನ. ಅನುಪಾತವನ್ನು 8ರಿಂದ 9ಕ್ಕೆ ಏರಿಸಿದರೆ ಆದರ್ಶ ಆಟೊ ಚಕ್ರದ ದಕ್ಷತೆ 56.5ರಿಂದ 58.5 ಶೇಕಡಾಕ್ಕೆ ಏರುತ್ತದೆ. ಲಾಭ 3-4 ಶೇಕಡಾ ಮಾತ್ರ. ಅನುಪಾತ ಹೆಚ್ಚಾದರೆ ಪೆಟ್ರೋಲ್ ತಾನಾಗಿ ಸಿಡಿದು ಬಡಿತ ಉಂಟಾಗುತ್ತದೆ. ಈ ಬಡಿತಕ್ಕೂ ಇಂಧನದ ಗುಣಕ್ಕೂ ಇರುವ ನಂಟನ್ನು 1920ರ ಸುಮಾರಿಗೆ ಹ್ಯಾರಿ ರಿಕಾರ್ಡೊ ಪ್ರಯೋಗಗಳಿಂದ ತೋರಿಸಿದ್ದ. ಹೆಚ್ಚು ಸುತ್ತುಗಳು ಕೊನೆಗೆ. ಸುತ್ತುಗಳನ್ನು 5500ರಿಂದ 6600ಕ್ಕೆ ಏರಿಸಿದರೆ ಹೆಚ್ಚಳ 20 ಶೇಕಡಾ. ಆದರೆ ಪಿಸ್ಟನ್ ಮತ್ತು ಸಂಪರ್ಕ ದಂಡದ ಮೇಲಿನ ಜಡತ್ವ ಬಲ ಅದರ ವರ್ಗಕ್ಕೆ ಅನುಗುಣವಾಗಿ 44 ಶೇಕಡಾ ಹೆಚ್ಚುತ್ತದೆ. ಅಗ್ಗದ ಎಂಜಿನ್ ಮುರಿಯುವುದು ಇಲ್ಲಿಯೇ.

ಒಂದು ಎಚ್ಚರಿಕೆ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಭಾಗ ನಿರ್ಬಂಧಿಸುತ್ತದೆ. ಇಂಥ ಪ್ರಯೋಗಗಳಿಗೆ ಸರಿಯಾದ ಜಾಗ ವಿದ್ಯಾರ್ಥಿ ಫಾರ್ಮುಲಾ ಸ್ಪರ್ಧೆಗಳು. ಹಳಿಯಾಳದಂಥ ಊರಿನಲ್ಲಿಯೂ ಇಂದು ಇಂಜಿನಿಯರಿಂಗ್ ಕಾಲೇಜು ಇದೆ. ವಿದ್ಯಾರ್ಥಿಗಳು ಈ ಸ್ಪರ್ಧೆಗಳ ನಿಯಮಗಳನ್ನು ಓದಬೇಕು. ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ವ್ಯಾಸದ ಒಂದೇ ರಂಧ್ರದ ಮೂಲಕ ಹಾದುಹೋಗಬೇಕು ಎಂಬುದು ಅಲ್ಲಿನ ನಿಯಮ. ಆ ರಂಧ್ರದಲ್ಲಿ ಗಾಳಿ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಎಷ್ಟು ದೊಡ್ಡ ಎಂಜಿನ್ ಇಟ್ಟರೂ ಹೆಚ್ಚು ಗಾಳಿ ಒಳಗೆ ಬರುವುದಿಲ್ಲ. ಆಗ ಉಳಿಯುವುದು ಹಗುರವಾದ ಕಾರು, ಸರಾಗವಾದ ಗಾಳಿಯ ದಾರಿ ಮತ್ತು ಸರಿಯಾದ ಲೆಕ್ಕ. 1951ರಲ್ಲಿ ಚಾಪ್‌ಮನ್ನನ ಬಳಿ ಇದ್ದುದೂ ಇಷ್ಟೇ.