ಕೊಂಡಿ ಕಳಚಿದ ಮೇಲೆ: ಫೇಲ್‌ಸೇಫ್ ಎಂಬ ಮುನ್ನೆಚ್ಚರಿಕೆಯ ಚರಿತ್ರೆ

ಯಂತ್ರಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅವು ಸಾಧಿಸಿದ ಕೆಲಸಗಳ ಚರಿತ್ರೆಯಾಗಿ ಓದುತ್ತೇವೆ. ಎಷ್ಟು ವೇಗ, ಎಷ್ಟು ಎತ್ತರ, ಎಷ್ಟು ದೂರ ಎಂಬುವೇ ಅದರ ಮೈಲಿಗಲ್ಲುಗಳು. ಯಂತ್ರವು ಕೆಟ್ಟ ಗಳಿಗೆಯಲ್ಲಿ ಏನು ಮಾಡಬೇಕು ಎಂಬುದನ್ನು ಅದು ಕೆಡುವ ಮೊದಲೇ ತೀರ್ಮಾನಿಸಿಟ್ಟವರ ಇನ್ನೊಂದು ಚರಿತ್ರೆಯೂ ಉಂಟು. ಅದು ಹೆಚ್ಚು ಕಾಣಿಸಿಕೊಳ್ಳುವುದಿಲ್ಲ. ಏಕೆಂದರೆ ಅದರ ಯಶಸ್ಸೆಂದರೆ ನಡೆಯದೆ ಹೋದ ಅನಾಹುತ.

ಇಂದು ಮದುವೆ ಚಪ್ಪರದ ಮೇಲೂ ಹೊಲದ ಮೇಲೂ ಡ್ರೋನ್ ಹಾರುತ್ತದೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ-ನಿವೇಶನಗಳನ್ನು ಡ್ರೋನಿನಿಂದಲೇ ಅಳೆಯಲಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮುಂಬಯಿ, ದೆಹಲಿ, ಚೆನ್ನೈಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಊರಮನೆಯ ಮಾಡನ್ನು ಇಂಥ ಯಂತ್ರವೊಂದು ಮೇಲಿನಿಂದ ನೋಡಿ ಹೋಗಿರಬಹುದು. ಹಾರಿಸುವವನಿಗೂ ಹಾರುವುದಕ್ಕೂ ನಡುವೆ ಇರುವುದು ಕಣ್ಣಿಗೆ ಕಾಣದ ಒಂದು ರೇಡಿಯೊ ಎಳೆ. ಅದು ಕಡಿದರೆ ಏನಾಗುತ್ತದೆ? ಕೆಳಗೆ ನಿಂತವರ ತಲೆಯ ಕ್ಷೇಮ ಈ ಪ್ರಶ್ನೆಯ ಉತ್ತರದಲ್ಲಿದೆ.

ನೆಲದ ಮೇಲಿನ ಯಂತ್ರಗಳಿಗೆ ಉತ್ತರ ಬಹಳ ಹಿಂದೆಯೇ ದೊರಕಿತ್ತು. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎಲಿಷಾ ಓಟಿಸ್ ಎತ್ತರದ ಕಟ್ಟೆಯ ಮೇಲೆ ನಿಂತು ಅದನ್ನು ಹಿಡಿದಿದ್ದ ಹಗ್ಗವನ್ನೇ ಕಡಿಸಿದ. ಹಗ್ಗದ ಬಿಗಿ ತಪ್ಪಿದೊಡನೆ ಒಳಗಿನ ಸ್ಪ್ರಿಂಗ್ ಬಿಚ್ಚಿಕೊಂಡು ಕಟ್ಟೆಯನ್ನು ಅಕ್ಕಪಕ್ಕದ ಹಲ್ಲುಗಳಿಗೆ ಸಿಕ್ಕಿಸಿತು, ಅದು ಬೀಳಲಿಲ್ಲ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ರೂಪಿಸಿದ ಸ್ವಯಂಚಾಲಿತ ರೈಲು ಬ್ರೇಕಿನದೂ ಅದೇ ತತ್ತ್ವ. ಅವನ ಮೊದಲ ಬ್ರೇಕು ಗಾಳಿಯ ಒತ್ತಡ ಬಂದಾಗ ಹಿಡಿಯುತ್ತಿತ್ತು. ಕೊಳವೆ ಒಡೆದರೆ ಬ್ರೇಕೇ ಇಲ್ಲ. ಎರಡನೆಯದು ಒತ್ತಡ ಹೋದಾಗ ಹಿಡಿಯಿತು. ಕೊಳವೆ ಒಡೆದರೆ ರೈಲು ನಿಂತಿತು. ರಜೆಗೆ ಊರಿಗೆ ಹೋಗುವ ರೈಲಿನಲ್ಲಿ ಯಾರೋ ಸರಪಳಿ ಎಳೆದಾಗ ನಡೆಯುವುದೂ ಇದೇ: ಕೊಳವೆಯ ಒತ್ತಡ ಇಳಿಯುತ್ತದೆ, ಗಾಲಿ ನಿಲ್ಲುತ್ತದೆ.

ಲಿಫ್ಟಿಗೂ ರೈಲಿಗೂ ನಿಲ್ಲುವುದೇ ಸುರಕ್ಷಿತ ಸ್ಥಿತಿ. ಆಕಾಶದಲ್ಲಿ ಹಾಗಿಲ್ಲ. ಅಲ್ಲಿ ನಿಂತರೆ ಬೀಳುವುದು. 1898ರಲ್ಲಿ ನಿಕೋಲಾ ಟೆಸ್ಲಾ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಕೊಳದಲ್ಲಿ ರೇಡಿಯೊ ಅಲೆಗಳಿಂದ ಪುಟ್ಟ ದೋಣಿಯನ್ನು ನಡೆಸಿ ತೋರಿಸಿದಾಗ ಈ ತೊಡಕು ಇರಲಿಲ್ಲ. ಸಂಕೇತ ತಪ್ಪಿದರೂ ದೋಣಿ ತೇಲುತ್ತದೆ. 1935ರ ಹೊತ್ತಿಗೆ ಬ್ರಿಟನ್ನಿನಲ್ಲಿ ಫಿರಂಗಿ ಅಭ್ಯಾಸದ ಗುರಿಗಾಗಿ ‘ಕ್ವೀನ್ ಬೀ’ ಎಂಬ ಚಾಲಕರಹಿತ ವಿಮಾನ ಸಿದ್ಧವಾಯಿತು. ಗಂಡು ಜೇನು ಎಂಬರ್ಥದ ‘ಡ್ರೋನ್’ ಪದ ಈ ರಾಣಿ ಜೇನಿನಿಂದಲೇ ಬಳಕೆಗೆ ಬಂತೆಂಬುದು ಪ್ರಚಲಿತ ಅಭಿಪ್ರಾಯ. ಅದಕ್ಕೆ ರೆಕ್ಕೆಗಳಿದ್ದವು, ಎಂಜಿನ್ನು ನಿಂತರೂ ತೇಲಿಕೊಂಡು ಇಳಿಯಬಲ್ಲ ಗುಣ ರೆಕ್ಕೆಯಲ್ಲೇ ಇದೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ರೂಪಿಸಿದ ‘ಲಕ್ಷ್ಯ’ ಗುರಿವಿಮಾನವು ಕೆಲಸ ಮುಗಿದ ಮೇಲೆ ಇಳಿಯುವುದು ಪ್ಯಾರಾಶೂಟಿನಿಂದ. ನಾಲ್ಕು ಪಂಕಗಳ ಮಲ್ಟಿರೋಟರ್‌ಗೆ ತೇಲಿಸುವ ರೆಕ್ಕೆಯೂ ಇಲ್ಲ, ಸಾಮಾನ್ಯವಾಗಿ ಪ್ಯಾರಾಶೂಟೂ ಇಲ್ಲ. ಮೋಟಾರು ನಿಂತರೆ ಅದು ಕಲ್ಲು.

ಹೀಗಿದ್ದೂ ಮಲ್ಟಿರೋಟರ್ ಹೊಸದಲ್ಲ. 1907ರಲ್ಲಿ ಫ್ರಾನ್ಸಿನ ಬ್ರೆಗೆ ಸಹೋದರರು ಮತ್ತು ರಿಶೆ ಕಟ್ಟಿದ ನಾಲ್ಕು ರೋಟರಿನ ಯಂತ್ರ ನೆಲ ಬಿಟ್ಟಿತು. ಆದರೆ ನಾಲ್ಕು ಮೂಲೆಗಳಲ್ಲಿ ನಾಲ್ವರು ಅದನ್ನು ಹಿಡಿದು ನಿಲ್ಲಿಸಬೇಕಾಯಿತು. 1922ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಡಿ ಬೋತೆಜಾ ನಿರ್ಮಿಸಿದ ಯಂತ್ರ ಹಾರಿತು, ಆದರೆ ಕೈಬಿಡಲಾಯಿತು. 1924ರಲ್ಲಿ ಎಟಿಯೆನ್ ಓಮಿಶೆನ್ ಒಂದು ಕಿಲೋಮೀಟರಿನ ಸುತ್ತು ಹಾರಿದ. ಅಲ್ಲಿಗೆ ಆ ದಾರಿ ಬಹುಮಟ್ಟಿಗೆ ಮಸುಕಾಯಿತು. ಹಲವು ರೋಟರುಗಳ ಬಲವನ್ನು ಕ್ಷಣಕ್ಷಣಕ್ಕೂ ಸರಿದೂಗಿಸುವ ಕೆಲಸ ಮನುಷ್ಯನ ಕೈಗೆ ಮೀರಿದ್ದು.

ಆ ಕೈಕೆಲಸವನ್ನು ವಹಿಸಿಕೊಂಡದ್ದೇ ಫ್ಲೈಟ್ ಕಂಟ್ರೋಲರ್. ಅದರ ಹಿರೀಕರು ಇಬ್ಬರು. 1914ರ ಜೂನ್‌ನಲ್ಲಿ ಪ್ಯಾರಿಸ್ಸಿನ ಬಳಿ ಲಾರೆನ್ಸ್ ಸ್ಪೆರ್ರಿ ಹಾರುವ ವಿಮಾನದಲ್ಲಿ ಎರಡೂ ಕೈ ಮೇಲೆತ್ತಿದ. ಅವನ ಸಹಾಯಕ ರೆಕ್ಕೆಯ ಮೇಲೆ ನಡೆದ. ಗೈರೊಸ್ಕೋಪು ವಿಮಾನವನ್ನು ಸಮತಟ್ಟಾಗಿ ಹಿಡಿದಿತ್ತು. 1922ರಲ್ಲಿ ನಿಕೋಲಸ್ ಮಿನೋರ್ಸ್ಕಿ ಹಡಗಿನ ಚುಕ್ಕಾಣಿಯ ಕುರಿತು ಬರೆಯುತ್ತ, ನುರಿತ ಚುಕ್ಕಾಣಿಗ ಈಗಿನ ತಪ್ಪನ್ನು ಮಾತ್ರವಲ್ಲದೆ ಅದು ಕೂಡುತ್ತಾ ಬಂದ ಮೊತ್ತವನ್ನೂ ಬದಲಾಗುತ್ತಿರುವ ವೇಗವನ್ನೂ ಗಮನಿಸುತ್ತಾನೆಂಬುದನ್ನು ಗಣಿತಕ್ಕಿಳಿಸಿದ. ಇಂದಿನ ಕಂಟ್ರೋಲರ್‌ಗಳಲ್ಲಿ ಪಿಐಡಿ ಎಂದು ಕರೆಯುವ ಸೂತ್ರದ ಬೇರು ಅದು. ಸಿಲಿಕಾನ್ ಚೂರಿನೊಳಗೆ ಗೈರೊಸ್ಕೋಪನ್ನು ಅಡಗಿಸುವ ವಿದ್ಯೆ ಬಂದಾಗ ಅದು ಆಟಿಕೆಯವರೆಗೂ ಇಳಿಯಿತು. ನಿಂಟೆಂಡೊ ಕಂಪನಿಯ ‘ವೀ’ ಆಟದ ಕೈಪಿಡಿಯನ್ನು ಬಿಚ್ಚಿ ಅದರ ಸಂವೇದಕಗಳನ್ನು ಹವ್ಯಾಸಿಗಳು ನಾಲ್ಕು ಮೋಟಾರಿಗೆ ಜೋಡಿಸಿದರು. ‘ಮಲ್ಟಿವೀ’ ಎಂಬ ತಂತ್ರಾಂಶದ ಹೆಸರಿನಲ್ಲಿ ಆ ನೆನಪು ಉಳಿದಿದೆ. ಇಂದಿನ ಬೀಟಾಫ್ಲೈಟ್ ಅದರದೇ ವಂಶದ ಕುಡಿ.

ಇಲ್ಲಿ ಒಂದು ವಿಚಿತ್ರ ಸಂಗತಿ ಒದಗಿತು. ಕಂಟ್ರೋಲರ್ ತಾನೇ ಸಮತೋಲ ಕಾಯುವುದರಿಂದ, ರೇಡಿಯೊ ಕಡಿದರೂ ಯಂತ್ರ ಕೂಡಲೇ ಬೀಳಬೇಕಾಗಿಲ್ಲ. ಆದರೆ ಅದು ಏನು ಮಾಡಬೇಕೆಂದು ಯಾರಾದರೂ ಮೊದಲೇ ಹೇಳಿಟ್ಟಿರಬೇಕು. ಅದಕ್ಕೂ ಮೊದಲು, ಕೊಂಡಿ ಕಳಚಿದೆ ಎಂಬುದು ಅದಕ್ಕೆ ತಿಳಿಯಬೇಕು.

ತಿಳಿಯದಂತೆ ಮಾಡಿದ್ದು ಒಂದು ಹಳೆಯ ಒಳ್ಳೆಯತನ. ಹಿಂದಿನ ಮಾದರಿ ವಿಮಾನಗಳಲ್ಲಿ ಸಂಕೇತ ಕದಡಿದಾಗ ಸರ್ವೊಗಳು ಹುಚ್ಚೆದ್ದು ಅದುರುತ್ತಿದ್ದವು. ಅದನ್ನು ತಡೆಯಲು, ಸಂಕೇತವನ್ನು ಅಂಕಿಗಳಾಗಿಸಿ ಕಳಿಸುವ ಪಿಸಿಎಂ ರಿಸೀವರುಗಳಲ್ಲಿ ‘ಹೋಲ್ಡ್’ ಎಂಬ ಏರ್ಪಾಡು ಬಂತು: ಹೊಸ ಸಂಕೇತ ಬರುವತನಕ ಕೊನೆಯ ಸಂಕೇತವನ್ನೇ ಮುಂದುವರಿಸುವುದು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ‘ಮುಂದಿನ ಆದೇಶದವರೆಗೆ’. ಅರೆಕ್ಷಣದ ಅಡಚಣೆಗೆ ಇದು ಮದ್ದು. ಕೊಂಡಿ ನಿಜವಾಗಿ ಕಳಚಿದಾಗ ಇದೇ ವಿಷ. ಕೊನೆಯ ಆದೇಶ ‘ಮೇಲೇರು’ ಎಂದಿದ್ದರೆ ಯಂತ್ರ ಏರುತ್ತಲೇ ಇರುತ್ತದೆ. ಒಡೆಯ ಇನ್ನೂ ಮಾತಾಡುತ್ತಿದ್ದಾನೆಂದೇ ಕಂಟ್ರೋಲರ್ ನಂಬಿರುತ್ತದೆ. ರಿಸೀವರು ಕೆಟ್ಟ ಸುದ್ದಿಯನ್ನು ಮುಚ್ಚಿಟ್ಟಿರುತ್ತದೆ.

ಆದುದರಿಂದ ಫೇಲ್‌ಸೇಫ್ ಹೊಂದಿಸುವವರು ಮೊದಲು ಮಾಡುವುದು ರಿಸೀವರಿಗೆ ಸತ್ಯ ಹೇಳಲು ಕಲಿಸುವುದು. ಸಂಪರ್ಕ ಹೋದರೆ ಅದು ಸಂಕೇತವನ್ನೇ ನಿಲ್ಲಿಸಬೇಕು, ಇಲ್ಲವೇ ಮಾಮೂಲಿ ಹಾರಾಟದಲ್ಲಿ ಎಂದೂ ಬರದ ಒಂದು ಬೆಲೆಯನ್ನು ಕೊಡಬೇಕು. ಆರ್ಡುಪೈಲಟ್ ತಂತ್ರಾಂಶದಲ್ಲಿ ಆ ಗಡಿ ರೂಢಿಯಂತೆ 975 ಮೈಕ್ರೊಸೆಕೆಂಡ್. ಥ್ರಾಟಲ್ ಸಂಕೇತ ಅದಕ್ಕಿಂತ ಕೆಳಗಿಳಿದರೆ ಕೊಂಡಿ ಕಳಚಿತೆಂದೇ ಅರ್ಥ. ಟ್ರಾನ್ಸ್‌ಮಿಟರಿನ ಕಡ್ಡಿಯನ್ನು ಪೂರ್ತಿ ಇಳಿಸಿದಾಗ ಬರುವ ಸಂಕೇತ ಈ ಗಡಿಗಿಂತ ಮೇಲೆಯೇ ಇರಬೇಕು. ಇಲ್ಲವಾದರೆ ಇಳಿಸುವ ಇಚ್ಛೆಯೂ ಸಂಪರ್ಕದ ಸಾವೂ ಒಂದೇ ಆಗಿ ಕಾಣುತ್ತವೆ. ಬೀಟಾಫ್ಲೈಟಿನಲ್ಲಿ ಎರಡು ಹಂತಗಳಿವೆ: ಮೊದಲನೆಯದು ಅಲ್ಪಕಾಲದ ಮೌನವನ್ನು ತಾಳಿಕೊಳ್ಳುತ್ತದೆ, ಎರಡನೆಯದು ಕ್ರಮ ಕೈಗೊಳ್ಳುತ್ತದೆ.

ಯಾವ ಕ್ರಮ? ಮೋಟಾರು ನಿಲ್ಲಿಸಿ ಬೀಳುವುದು, ಇದ್ದಲ್ಲೇ ಇಳಿಯುವುದು, ಜಿಪಿಎಸ್ ನೆರವಿನಿಂದ ಹೊರಟಲ್ಲಿಗೆ ಮರಳುವುದು ಎಂಬ ಮೂರು ಆಯ್ಕೆಗಳಲ್ಲಿ ಎಲ್ಲೆಡೆಗೂ ಸಲ್ಲುವುದು ಒಂದೂ ಇಲ್ಲ. ಖಾಲಿ ಬಯಲಿನಲ್ಲಿ ಪುಟ್ಟ ರೇಸಿಂಗ್ ಡ್ರೋನ್ ಬಿದ್ದರೆ ಅದರ ನಷ್ಟ ಒಡೆಯನದು ಮಾತ್ರ. ಜಾತ್ರೆಯ ಮೇಲೆ ಬಿದ್ದರೆ ಹಾಗಲ್ಲ. ಕೆರೆಯ ಮೇಲೆ ಇಳಿಯುವುದೂ ಮುಳುಗುವುದೂ ಒಂದೇ. ಮರಳುವುದೇ ಮೇಲೆಂದರೆ, ಹೊರಡುವ ಮೊದಲು ಉಪಗ್ರಹಗಳು ಸಿಕ್ಕಿ ‘ಮನೆ’ ಗುರುತಾಗಿರಬೇಕು. ಎಷ್ಟು ಎತ್ತರದಲ್ಲಿ ಮರಳಬೇಕೆಂಬುದೂ ಪ್ರಶ್ನೆಯೇ. ಆರ್ಡುಪೈಲಟ್ ರೂಢಿಯಾಗಿ ಇಟ್ಟಿರುವ ಎತ್ತರ 15 ಮೀಟರ್. ನಮ್ಮ ಕರಾವಳಿಯ ಎತ್ತರದ ತಳಿಯ ತೆಂಗು 20 ಮೀಟರನ್ನೂ ಮೀರಿ ಬೆಳೆಯುತ್ತದೆ. ಬೇರೆಲ್ಲೋ ಕುಳಿತವರು ಆರಿಸಿದ ಅಂಕಿ ನಮ್ಮ ತೋಟವನ್ನು ಕಂಡಿಲ್ಲ.

ಇದನ್ನು ಪರೀಕ್ಷಿಸುವ ಕ್ರಮ ಓಟಿಸನದೇ: ಹಗ್ಗವನ್ನು ತಾನೇ ಕಡಿದು ನೋಡುವುದು. ಪ್ರೊಪೆಲರುಗಳನ್ನು ತೆಗೆದಿಟ್ಟು, ಮೋಟಾರು ಚಾಲೂ ಮಾಡಿ, ಥ್ರಾಟಲ್ ತುಸು ಏರಿಸಿ, ಟ್ರಾನ್ಸ್‌ಮಿಟರನ್ನು ಆರಿಸುವುದು. ಯಂತ್ರ ಹೇಳಿಟ್ಟಂತೆ ನಡೆಯಿತೇ ಎಂದು ಕಾಣುವುದು. ಈ ಕೆಲಸಕ್ಕೆ ಹತ್ತು ನಿಮಿಷವೂ ಹಿಡಿಯದು. ನಮ್ಮ ದೇಶದಲ್ಲಿ 2018ರ ನಾಗರಿಕ ವಿಮಾನಯಾನ ನಿಯಮಗಳು ನ್ಯಾನೊ ವರ್ಗವನ್ನು ಬಿಟ್ಟು ಉಳಿದ ಡ್ರೋನುಗಳಿಗೆ ತಾನಾಗಿ ಹಾರಾಟ ಮುಗಿಸುವ ಇಲ್ಲವೇ ಮನೆಗೆ ಮರಳುವ ವ್ಯವಸ್ಥೆ ಇರಬೇಕೆಂದವು. 2021ರಲ್ಲಿ ಹೊಸ ಡ್ರೋನ್ ನಿಯಮಗಳು ಬಂದು ಅನುಮತಿಯ ದಾರಿ ಬಹಳ ಸುಗಮವಾಯಿತು. ಹಾರಿಸುವವರು ಹೆಚ್ಚಿದಷ್ಟೂ ಆ ಹತ್ತು ನಿಮಿಷದ ಬೆಲೆಯೂ ಹೆಚ್ಚುತ್ತದೆ. ನಿಯಮವು ವ್ಯವಸ್ಥೆ ಇರಬೇಕೆನ್ನಬಹುದು. ಅದರೊಳಗಿನ ಅಂಕಿ ಈ ಊರಿಗೆ, ಈ ಮರಕ್ಕೆ, ಈ ಜನಕ್ಕೆ ಸರಿಯೇ ಎಂದು ನೋಡುವವನು ನೆಲದ ಮೇಲೆ ನಿಂತವನೇ.

ಮೌನಂ ಸಮ್ಮತಿ ಲಕ್ಷಣಂ ಎಂದು ನಾವು ಬಳಸುತ್ತಾ ಬಂದಿದ್ದೇವೆ. ಮೇಲಿನಿಂದ ಸದ್ದಿಲ್ಲದಿದ್ದರೆ ನಡೆಯುತ್ತಿರುವುದೇ ನಡೆಯಲಿ ಎಂಬುದು ಕಚೇರಿಗಳಿಗೂ ಸಂಸಾರಗಳಿಗೂ ಒಗ್ಗಿದ ಮಾತು. ಓಟಿಸನಿಂದ ಈಚೆಗಿನ ಈ ಚರಿತ್ರೆ ಅದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ. ಮೌನವೂ ಒಂದು ಸುದ್ದಿ. ಅದು ಬಂದಾಗ ಏನು ಮಾಡಬೇಕೆಂಬುದನ್ನು ಮಾತು ಇನ್ನೂ ಕೇಳಿಸುತ್ತಿರುವಾಗಲೇ ಗೊತ್ತುಮಾಡಿಕೊಳ್ಳಬೇಕು.